ಮುಚ್ಚಳ ತೆಗೆದು ನೋಡುವ ಹಕ್ಕು

(ಕದರಮಂಡಲಗಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಸಭೆಯಲ್ಲಿ, ಬ್ಯಾಡಗಿಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ಮಿತ್ರರೊಬ್ಬರು ಆಡಿದ ಮಾತುಗಳು.)



ಎರಡು ವಿಷಯಗಳ ಮೇಲೆ ಮಾತಾಡಬೇಕೆಂದು ನನಗೆ ಹೇಳಿ ಕಳಿಸಿದ್ದರು. ಒಂದು, ಮನೆಯ ಕಂಪ್ಯೂಟರ್ ಕೆಟ್ಟರೆ ಏನು ಮಾಡಬೇಕು ಎಂಬುದು. ಇನ್ನೊಂದು, ಮನುಷ್ಯ ತನ್ನ ಧರ್ಮವನ್ನು ತಾನೇ ಆರಿಸಿಕೊಳ್ಳಬಹುದೇ ಎಂಬುದು. ಇದನ್ನು ಕೇಳಿ ಇಲ್ಲಿಯ ಹಿರಿಯರೊಬ್ಬರು ನಕ್ಕರು. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದಂಗ ಆದೀತು ನೋಡಪಾ" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಈ ಎರಡೂ ಪ್ರಶ್ನೆಗಳು ಒಂದೇ ಮನೆಯಲ್ಲಿ, ಒಂದೇ ಸಂಜೆ ನನ್ನ ಎದುರಿಗೆ ಬಂದು ನಿಂತವು. ಆದ್ದರಿಂದ ಆ ಮನೆಯ ಕಥೆಯನ್ನೇ ಹೇಳಿಬಿಡುತ್ತೇನೆ. ಹೆಸರು ಬೇಡ, ಅವರು ನಿಮ್ಮಂಥವರೇ.

ಬ್ಯಾಡಗಿಯ ಒಂದು ಖಾರದಪುಡಿ ಗಿರಣಿಯಲ್ಲಿ ದುಡಿಯುವ ಹಿರಿಯ ಕೆಲಸಗಾರರೊಬ್ಬರಿದ್ದಾರೆ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರ ಮನೆಯಾಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಆ ಕೂಲಿ ಎಂಥದೆಂದು ಇಲ್ಲಿ ಕೂತ ತಾಯಂದಿರಿಗೆ ನಾನು ಹೇಳಬೇಕಾದ್ದಿಲ್ಲ; ರಾತ್ರಿ ಮಲಗಿದರೂ ಬೆರಳಿನ ಉರಿ ಮಲಗುವುದಿಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ಓದಿಗೆಂದು ಯಾರೋ ಬಳಸಿ ಬಿಟ್ಟಿದ್ದ ಒಂದು ಕಂಪ್ಯೂಟರನ್ನು ಕಂತಿನಲ್ಲಿ ಕೊಂಡಿದ್ದರು. ಒಂದು ದಿನ ಅದು ಹೊತ್ತಲಿಲ್ಲ. ಗುಂಡಿ ಒತ್ತಿದರೆ ಒಳಗೆ ಪಂಖ ತಿರುಗುತ್ತದೆ, ಕೂಗುತ್ತದೆ, ಪರದೆ ಮಾತ್ರ ಕಪ್ಪು. ಒಂದು ಅಂಗಡಿಗೆ ಒಯ್ದರು. ಅಲ್ಲಿ ಮುಚ್ಚಳವನ್ನೂ ತೆಗೆಯದೆ "ಮದರ್‌ಬೋರ್ಡ್ ಹೋಗಿದೆ, ಏಳು ಸಾವಿರ ಆಗುತ್ತದೆ" ಎಂದರಂತೆ. ಏಳು ಸಾವಿರ ಎಂದರೆ ಆ ಮನೆಗೆ ಎಷ್ಟು ದಿನದ ಅನ್ನ! ಕಾಕಾ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮರಳಿ ಮನೆಗೆ ತಂದು ನನಗೆ ಹೇಳಿ ಕಳಿಸಿದರು. ನಾನು ಹೋದಾಗ ಕೇಳಿದ ಮೊದಲ ಮಾತು, "ತಮ್ಮಾ, ಇದು ಖರೇನ ಸತ್ತೈತೇನು?"

ನಾನೆಂದೆ, "ಕಾಕಾ, ಮುಚ್ಚಳ ತೆಗೆದು ನೋಡದ ಹೊರತು ಸತ್ತದ್ದು ಯಾವುದು, ಮಲಗಿದ್ದು ಯಾವುದು, ಯಾರಿಗೂ ತಿಳಿಯೂದಿಲ್ಲ."

ಬಂಧುಗಳೆ, ಈಗ ಸ್ವಲ್ಪ ಹೊತ್ತು ದುರಸ್ತಿಯ ಮಾತು. ಇದರಲ್ಲಿ ಮಂತ್ರವಿಲ್ಲ, ತಂತ್ರವಿಲ್ಲ. ನಿಮ್ಮಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನಷ್ಟೇ ಹೇಳುತ್ತೇನೆ.

ಮೊದಲು ಗೋಡೆಯಿಂದ ವಯರು ಕೀಳಬೇಕು. ಕಿತ್ತ ಮೇಲೆ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಒಳಗೆ ಉಳಿದ ಅಲ್ಪಸ್ವಲ್ಪ ವಿದ್ಯುತ್ತು ಹೋಗುತ್ತದೆ. ಪೆಟ್ಟಿಗೆಯ ಬರಿಯ ಲೋಹವನ್ನು ಕೈಯಿಂದ ಮುಟ್ಟಿ, ಆಮೇಲೆ ಒಳಗಿನ ಭಾಗಗಳಿಗೆ ಕೈ ಹಾಕಬೇಕು. ನಮ್ಮ ಮೈಯಲ್ಲಿ ಸೇರಿಕೊಂಡ ಸಣ್ಣ ವಿದ್ಯುತ್ತೂ ಆ ನಾಜೂಕು ಬಿಲ್ಲೆಗಳನ್ನು ಕೆಡಿಸಬಲ್ಲದು. ಕರೆಂಟು ಹಂಚುವ ಚೌಕ ಡಬ್ಬಿ ಒಂದಿರುತ್ತದೆ, ಅದಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದನ್ನು ಮಾತ್ರ ನೀವು ಬಿಚ್ಚಬಾರದು. ವಯರು ಕಿತ್ತ ಮೇಲೂ ಅದರೊಳಗೆ ಹೊಡೆತ ಉಳಿದಿರುತ್ತದೆ, ಜೀವಕ್ಕೆ ಅಪಾಯ.

ಕಾಕಾನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಏನು ಕಂಡಿತು? ಕೆಂಪು ಧೂಳು! ಕಾಕಾನ ಅಂಗಿಯಿಂದ, ಆಕೆಯ ಸೀರೆಯ ಸೆರಗಿನಿಂದ ಉದುರಿದ ಖಾರದ ಧೂಳನ್ನೆಲ್ಲ ಆ ಪಂಖ ಒಳಗೆ ಎಳೆದುಕೊಂಡಿತ್ತು. ಮೇಲಿಂದ ಆಯುಧ ಪೂಜೆಯಲ್ಲಿ ಹಚ್ಚಿದ ಕುಂಕುಮ ಬೇರೆ. ನಾನು ಸೀನಿದೆ, ಕಾಕಾ ಸೀನಿದರು, ಮಗಳು ನಕ್ಕಳು. ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದೆವು. ಆಮೇಲೆ ರ್ಯಾಮ್ ಎಂಬ ಉದ್ದ ಪಟ್ಟಿಯನ್ನು ಹೊರಗೆ ತೆಗೆದೆ. ಯಂತ್ರ ಕೆಲಸ ಮಾಡುವಾಗ ಕೈಯಳತೆಯಲ್ಲಿ ಇಟ್ಟುಕೊಳ್ಳುವ ನೆನಪು ಅದು. ಅದರ ಅಂಚಿನಲ್ಲಿ ಬಂಗಾರ ಬಣ್ಣದ ಹಲ್ಲುಗಳಿರುತ್ತವೆ. ಅವುಗಳ ಮೇಲೆ ಮಬ್ಬು ಕೂತಿದ್ದರೆ ಪರದೆ ಹೊತ್ತುವುದಿಲ್ಲ, ಯಂತ್ರ ಒಂದೇ ಸಮನೆ ಕೂಗುತ್ತದೆ. ಮಗಳ ಕಂಪಾಸು ಪೆಟ್ಟಿಗೆಯೊಳಗಿನ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ತಿಕ್ಕಿ, ಪುಡಿ ಒರೆಸಿ, ಮತ್ತೆ ಅದರ ಗಾಡಿಯೊಳಗೆ 'ಟಕ್' ಎನ್ನುವ ತನಕ ಒತ್ತಿ ಕೂಡಿಸಿದೆ. ವಯರು ಹಾಕಿದೆವು. ಗುಂಡಿಯನ್ನು ಮಗಳೇ ಒತ್ತಿದಳು. ಒಂದು ಸಲ ಕೂಗಿ ಪರದೆ ಬೆಳಗಿತು. ಏಳು ಸಾವಿರದ ರೋಗಕ್ಕೆ ಐದು ರೂಪಾಯಿಯ ರಬ್ಬರು ಮದ್ದಾಯಿತು.

ಪರದೆಯ ಮೇಲೆ ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನದು ಇತ್ತು. ಅದಕ್ಕೂ ಗಾಬರಿ ಬೇಡ. ಒಳಗೆ ನಾಣ್ಯದಂಥ ಮೂರು ವೋಲ್ಟಿನ ಒಂದು ಸಣ್ಣ ಸೆಲ್ಲು ಇರುತ್ತದೆ. ಸಿಆರ್ 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ಯಂತ್ರ ಕಾಲವನ್ನು ಮರೆಯುತ್ತದೆ. ಬದಲಾಯಿಸಿದರೆ ಸರಿಹೋಗುತ್ತದೆ.

ಈ ಕೆಲಸದಲ್ಲಿ ನಾನು ಕಲಿತದ್ದು ಮೂರೇ ಸೂತ್ರ. ಒಂದನೆಯದು: ರಿಪೇರಿಗೆ ಮುಂಚೆ, ಕಳೆಯಬಾರದ್ದನ್ನು ಕಾಯ್ದುಕೋ. ಫೋಟೋ, ಮಾರ್ಕ್ಸ್ ಕಾರ್ಡು, ಲೆಕ್ಕದ ಪುಸ್ತಕ ಇವುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಹಾರ್ಡ್ ಡಿಸ್ಕು 'ಟಿಕ್ ಟಿಕ್' ಎನ್ನಲು ಶುರುಮಾಡಿತೆಂದರೆ ಬೇರೆ ಎಲ್ಲ ಕೆಲಸ ನಿಲ್ಲಿಸಿ ಮೊದಲು ಅದನ್ನು ಮಾಡಬೇಕು. ಎರಡನೆಯದು: ಒಮ್ಮೆಗೆ ಒಂದನ್ನೇ ಬದಲಾಯಿಸಿ ನೋಡು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು. ಮೂರನೆಯದು: ಕಣ್ಣಿನಿಂದ ಕಾಣದೆ ಯಾರ ಮಾತನ್ನೂ ಪೂರ್ತಿ ನಂಬಬೇಡ, ನನ್ನ ಮಾತನ್ನೂ ಸೇರಿಸಿ.

ಅಷ್ಟಕ್ಕೇ ಮುಗಿಯಲಿಲ್ಲ. ಯಂತ್ರ ಎದ್ದಿತು, ಆದರೆ ಅದರೊಳಗಿದ್ದ ವಿಂಡೋಸ್ 10ಕ್ಕೆ ಅದನ್ನು ಮಾಡಿದ ಕಂಪನಿ 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತ್ತು. ಯಂತ್ರ ನಡೆಯುವುದೇನೋ ನಡೆಯುತ್ತದೆ. ಹೊಸ ಹೊಸ ಕಳ್ಳರ ವಿರುದ್ಧ ಬೀಗ ಬದಲಾಯಿಸುವವರು ಬರುವುದಿಲ್ಲ. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷದ ಮಟ್ಟಿಗೆ ರಕ್ಷಣೆ ಕೊಡುವ ಏರ್ಪಾಡು ಮಾಡಿದ್ದರು. ಮುಂದಿನ ವಿಂಡೋಸ್ 11 ಬೇಕೆಂದರೆ ಇಂಥ ಹಳೆಯ ಪೆಟ್ಟಿಗೆಗೆ ಅದರಲ್ಲಿ ಪ್ರವೇಶವಿಲ್ಲ. "ಅಂದರ ಇದನ್ನ ತಿಪ್ಪಿಗೆ ಒಗೀಬೇಕೇನು?" ಎಂದು ಕಾಕಾ ಕೇಳಿದರು. ಒಗೆಯಬೇಕಾಗಿಲ್ಲ ಎಂದೆ. ಇನ್ನೊಂದು ದಾರಿ ಇದೆ.

ಆ ದಾರಿಯ ಇತಿಹಾಸವೂ ಒಂದು ಕೆಟ್ಟ ಯಂತ್ರದಿಂದಲೇ ಹುಟ್ಟಿದ್ದು. ಅಮೇರಿಕೆಯ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬಾತ ಕೆಲಸ ಮಾಡುತ್ತಿದ್ದ. ಅಲ್ಲಿಯ ಒಂದು ಮುದ್ರಣ ಯಂತ್ರದಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನಡೆಸುವ ಬರಹವನ್ನು ಕೊಡಿ, ತಿದ್ದಿಕೊಳ್ಳುತ್ತೇನೆ ಎಂದು ಕೇಳಿದರೆ, ಅದು ಗುಟ್ಟು, ಕೊಡಲಾಗದು ಎಂದರು. ಆತ 1983ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿದ: ಬಳಸುವ ಹಕ್ಕು, ಬಿಚ್ಚಿ ನೋಡಿ ತಿದ್ದುವ ಹಕ್ಕು, ಪ್ರತಿಯನ್ನು ನೆರೆಯವನಿಗೆ ಕೊಡುವ ಹಕ್ಕು, ತಿದ್ದಿದ್ದನ್ನೂ ಹಂಚುವ ಹಕ್ಕು, ಈ ನಾಲ್ಕೂ ಬಳಸುವವನ ಕೈಯಲ್ಲಿರಬೇಕು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳನ್ನು ಬರೆದ. ಎರಡೂ ಕೂಡಿ ಒಂದು ಪೂರ್ತಿ ವ್ಯವಸ್ಥೆಯಾಯಿತು. ಇಂದು ಅದನ್ನು ಯಾರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಕನ್ನಡವನ್ನು ಓದುತ್ತದೆ, ಬರೆಯುತ್ತದೆ. ಹಳೆಯ ಪೆಟ್ಟಿಗೆಯಲ್ಲೂ ಉಸಿರಾಡುತ್ತದೆ. ಸಣ್ಣ ಪೆನ್‌ಡ್ರೈವಿನಲ್ಲಿ ತಂದು, ಹಳೆಯದನ್ನು ಅಳಿಸದೆಯೇ ಮೊದಲು ನಡೆಸಿ ನೋಡಬಹುದು. ಸರಿಯೆನಿಸಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬಿಡಬೇಕು.

"ನೋಡಿ ಆಮ್ಯಾಲೆ ಆರಿಸ್ಕೋಬೌದಾ ಅಣ್ಣಾ?" ಎಂದು ಆ ಮಗಳು ಕೇಳಿದಳು. ಹೌದವ್ವಾ ಎಂದೆ. ಅವಳು ತಂದೆಯ ಮುಖ ನೋಡಿದಳು. ಕಾಕಾ ತಲೆ ತಗ್ಗಿಸಿದರು. ಮನೆಯಲ್ಲಿ ಬೇರೇನೋ ನಡೆದಿದೆ ಎಂದು ಆಗ ನನಗೆ ತಿಳಿಯಿತು.

ಚಹಾ ಬಂತು, ಮಾತೂ ಹೊರಬಿತ್ತು. ಅವರು ಪರಿಶಿಷ್ಟ ಜಾತಿಯ ಮನೆಯವರು. ಹುಡುಗಿ ಕಾಲೇಜಿನ ಗ್ರಂಥಾಲಯದಲ್ಲಿ ಅಂಬೇಡ್ಕರರನ್ನು ಓದಿ, ತಾನು ಬುದ್ಧನ ಧಮ್ಮಕ್ಕೆ ಸೇರಬೇಕೆಂದು ಮನೆಯಲ್ಲಿ ಹೇಳಿದ್ದಳು. ಕೇರಿಯ ಹಿರಿಯರು ಬಂದು, ದ್ಯಾಮವ್ವನನ್ನು ಬಿಟ್ಟರೆ ಮನೆಗೆ ಕೇಡು, ನಾಳೆ ಹುಡುಗಿಯನ್ನು ಮಾಡಿಕೊಳ್ಳುವವರಾರು ಎಂದು ಕೂತಿದ್ದರು. ಊರ ದೊಡ್ಡವರೊಬ್ಬರು ಬಂದು, ಹುಡುಗಿಯ ತಲೆ ಯಾರೋ ಕೆಡಿಸಿದ್ದಾರೆ, ಯಾರೆಂದು ಹೇಳು, ನೋಡಿಕೊಳ್ಳುತ್ತೇವೆ ಎಂದು ಗುಡುಗಿ ಹೋಗಿದ್ದರು. ಈ ಸುದ್ದಿ ಕೇಳಿ ಇನ್ನೊಂದು ಕಡೆಯವರು ಬಂದು, ಬುದ್ಧನಿಗಿಂತ ನಮ್ಮ ದೇವರು ಒಳ್ಳೆಯವನು, ನಮ್ಮಲ್ಲಿ ಬಾ ಎಂದಿದ್ದರು. ಕಾಕಾ ನನ್ನನ್ನು ಕೇಳಿದರು, "ಎಲ್ಲಾರೂ ಒಂದೊಂದು ಹೇಳ್ತಾರ ತಮ್ಮಾ. ನೀ ಏನು ಹೇಳ್ತಿ?"

ನಾನು ಅಂದು ಹೇಳಿದ್ದನ್ನೇ ಇಂದು ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ. ಅವಳು ಯಾವ ಧರ್ಮಕ್ಕೆ ಹೋಗಬೇಕೆಂದು ನಾನು ಹೇಳಲಿಲ್ಲ, ಹೇಳುವ ಅಧಿಕಾರ ನನಗಿಲ್ಲ. ಕಾಕಾ, ಇವರೆಲ್ಲ ಮುಚ್ಚಳ ತೆಗೆಯದೆ ಬೆಲೆ ಹೇಳುತ್ತಿದ್ದಾರೆ, ಮುಚ್ಚಳ ತೆಗೆದು ನೋಡುತ್ತಿರುವವಳು ನಿಮ್ಮ ಮಗಳೊಬ್ಬಳೇ ಎಂದೆ.

ಇದು ಈ ನಾಡಿಗೆ ಹೊಸ ಮಾತೇ? ನಾವು ಈಗ ಕೂತಿರುವ ಊರು ಯಾವುದು? ಕಾಂತೇಶನ ಕದರಮಂಡಲಗಿ. ಕನಕದಾಸರು ಇಲ್ಲಿಯ ಹನುಮಂತನ ಸನ್ನಿಧಿಯಲ್ಲಿ ಮೋಹನತರಂಗಿಣಿಯನ್ನು ಬರೆದರೆಂದು ಈ ಭಾಗದ ಜನ ಹೇಳುತ್ತ ಬಂದಿದ್ದಾರೆ. ಕನಕದಾಸರು ಯಾರು? ಬಾಡದಲ್ಲಿ ಕುರುಬರ ಮನೆಯಲ್ಲಿ ಹುಟ್ಟಿ, ಕತ್ತಿ ಹಿಡಿದ ನಾಯಕ. ಹುಟ್ಟಿನ ಲೆಕ್ಕದಲ್ಲಿ ಅವರ ಜಾಗ ಎಲ್ಲಿತ್ತೋ ಅಲ್ಲೇ ಅವರು ಕೂಡಲಿಲ್ಲ. ಕತ್ತಿ ಇಳಿಸಿ ದಾಸರಾದರು. ಕಾಗಿನೆಲೆಯ ಆದಿಕೇಶವನನ್ನು ತಮ್ಮ ದೇವರೆಂದು ಆರಿಸಿಕೊಂಡರು. ಅವರಿಗೆ ಆ ದೇವರನ್ನು ಯಾರೂ ಹಂಚಿಕೊಟ್ಟಿರಲಿಲ್ಲ.

ಅವರ ರಾಮಧಾನ್ಯಚರಿತೆಯ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನೆಲ್ಲಿಗೂ ರಾಗಿಗೂ ಯಾರು ದೊಡ್ಡವರೆಂದು ಜಗಳ. ನೆಲ್ಲು ಉಳ್ಳವರ ಊಟ, ದೇವರ ನೈವೇದ್ಯ. ರಾಗಿ ದುಡಿಯುವವರ ಹೊಟ್ಟೆಯದು. ರಾಮ ಏನು ಮಾಡಿದ? ಕುಲ ಕೇಳಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ತೆಗೆದು ನೋಡಿದಾಗ ನೆಲ್ಲು ಸೊರಗಿತ್ತು, ರಾಗಿ ಗಟ್ಟಿಯಾಗಿ ನಿಂತಿತ್ತು. ಬಂಧುಗಳೆ, ಇದು ಬರಿಯ ಕಥೆಯಲ್ಲ, ಪರೀಕ್ಷೆಯ ಪಾಠ. ಹುಟ್ಟಿದ ಹೊಲವನ್ನು ನೋಡಬೇಡ, ಬಾಳಿಕೆಯನ್ನು ನೋಡು ಎಂದು ಕನಕದಾಸರು ಹೇಳಿದರು. ಧಾನ್ಯಕ್ಕೆ ಸಲ್ಲುವ ಈ ನ್ಯಾಯ ಧರ್ಮಕ್ಕೆ ಸಲ್ಲಬಾರದೇಕೆ?

ಇಲ್ಲಿಂದ ಶಿಗ್ಗಾವಿ ಸೀಮೆಯ ಶಿಶುನಾಳಕ್ಕೆ ಬನ್ನಿ. 1819ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಷರೀಫರು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವೆಂದು ಆರಿಸಿಕೊಂಡರು. ಇಬ್ಬರ ಜಾತಿಯವರೂ ಕೂಗಾಡಿದರೆಂದು ಕಥೆಗಳು ಹೇಳುತ್ತವೆ. 1889ರಲ್ಲಿ ಅವರು ತೀರಿದರು. ಇಂದಿಗೂ ಅವರ ಗದ್ದುಗೆಗೆ ಹಿಂದೂಗಳೂ ಹೋಗುತ್ತಾರೆ, ಮುಸಲ್ಮಾನರೂ ಹೋಗುತ್ತಾರೆ. ಅವರು ಮನೆ ಬಿಟ್ಟು ಇನ್ನೊಂದು ಮನೆ ಸೇರಲಿಲ್ಲ. ಎರಡೂ ಮನೆಯ ಬಾಗಿಲು ತೆಗೆದಿಟ್ಟರು. ಅದೂ ಒಂದು ಆಯ್ಕೆಯೇ. ಇದ್ದಲ್ಲೇ ಇರುತ್ತೇನೆ ಎಂಬುದೂ ಆಯ್ಕೆ, ಯಾವ ಧರ್ಮವೂ ಬೇಡ ಎಂಬುದೂ ಆಯ್ಕೆ. ನೋಡಿ ಆರಿಸಿದ್ದಾಗಿರಬೇಕು, ಅಷ್ಟೆ.

ಆದರೆ ನಮ್ಮ ಜಿಲ್ಲೆಯಲ್ಲಿ ಬೇರೆ ಬಗೆಯ ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ಹಿರೇಕೆರೂರು ಕಡೆಯ ಅಬಲೂರಿನ ಗುಡಿಯ ಶಾಸನದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ಕೆತ್ತಿದೆ. ಶೈವನಾದ ಆತನಿಗೂ ಅಲ್ಲಿಯ ಜೈನರಿಗೂ ದೇವರ ಹಿರಿಮೆಯ ಮೇಲೆ ವಾದ ಬೆಳೆದು ಪಂಥವಾಯಿತು. ಆತ ತಲೆ ಕತ್ತರಿಸಿಕೊಂಡು ಮರಳಿ ಪಡೆದನೆಂದೂ, ಜೈನರ ಮೂರ್ತಿಯನ್ನು ಒಡೆದನೆಂದೂ, ಬಿಜ್ಜಳ ರಾಜ ಜಯಪತ್ರ ಕೊಟ್ಟನೆಂದೂ ಶಾಸನ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮೂರ್ತಿ ಒಡೆದದ್ದು ಮಾತ್ರ ಪವಾಡವಲ್ಲ. ಅಲ್ಲಿಯ ಒಕ್ಕಲು ಮಕ್ಕಳನ್ನು, ಹೆಣ್ಣುಮಕ್ಕಳನ್ನು ನಿಮ್ಮ ಮನಸ್ಸೇನು ಎಂದು ಯಾರಾದರೂ ಕೇಳಿದರೆಂದು ಆ ಕಲ್ಲಿನಲ್ಲಿ ಬರೆದಿಲ್ಲ. ಪಂಥದಿಂದ, ಕತ್ತಿಯಿಂದ, ರಾಜನ ಪತ್ರದಿಂದ ಧರ್ಮ ಬದಲಾದರೆ ಅದು ಆಯ್ಕೆಯಲ್ಲ. ಅಕ್ಕಿ ಚೀಲ ತೋರಿಸಿ ಬದಲಾಯಿಸಿದರೂ ಅಲ್ಲ. ಬಹಿಷ್ಕಾರದ ಬೆದರಿಕೆ ಹಾಕಿ ಇದ್ದಲ್ಲೇ ಇರಿಸಿಕೊಂಡರೂ ಅಲ್ಲ. ಈ ಮೂರನೆಯದನ್ನು ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ! ಹೊರಗೆ ಎಳೆಯುವ ಕೈ ಬಲಾತ್ಕಾರವಾದರೆ, ಒಳಗೆ ಕಟ್ಟಿಹಾಕುವ ಹಗ್ಗ ಏನು?

ಇನ್ನು ಆ ಹುಡುಗಿ ಓದಿದ ಮಹನೀಯರ ಮಾತಿಗೆ ಬರೋಣ. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ ಅಂಬೇಡ್ಕರರು, ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಮರುದಿನವೇ ಬೇರೆ ಧರ್ಮಕ್ಕೆ ಹೋದರೇ? ಇಲ್ಲ. ಅನೇಕ ಧರ್ಮದ ಮುಖಂಡರು ನಮ್ಮಲ್ಲಿ ಬನ್ನಿ ಎಂದು ಕರೆದರು. ಅವರು ಸಿಖ್ಖರ ಧರ್ಮವನ್ನು ಹತ್ತಿರದಿಂದ ಪರಿಶೀಲಿಸಿದರು. ಗ್ರಂಥಗಳನ್ನು ತೂಗಿದರು. ಯಾವ ಧರ್ಮದಲ್ಲಿ ತಮ್ಮ ಜನರಿಗೆ ಸಮಾನತೆ ಸಿಕ್ಕೀತು, ಯಾವುದು ಬುದ್ಧಿಗೆ ಒಪ್ಪೀತು ಎಂದು ಒಂದೊಂದನ್ನೇ ನೋಡಿದರು. 1956ರ ಅಕ್ಟೋಬರ್ 14, ವಿಜಯದಶಮಿಯ ದಿನ, ನಾಗಪುರದಲ್ಲಿ ತಾವು ಮೊದಲು ದೀಕ್ಷೆ ಪಡೆದು, ಆಮೇಲೆ ಲಕ್ಷಾಂತರ ಜನರಿಗೆ ತಾವೇ ರಚಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬೋಧಿಸಿದರು. ನಡುವೆ 21 ವರ್ಷ! ಅದೇ ವರ್ಷ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಬದುಕಿನ 21 ವರ್ಷಗಳನ್ನು ನೋಡುವುದಕ್ಕೆ ಕೊಟ್ಟ ಮನುಷ್ಯನನ್ನು ಯಾರೋ ತಲೆ ಕೆಡಿಸಿದರು ಎನ್ನಲಾದೀತೇ?

ಈಗ ಕಾನೂನಿನ ಮಾತು. ಯಂತ್ರದ ದುರಸ್ತಿಯ ಹಕ್ಕನ್ನು ಬಳಕೆದಾರನಿಗೆ ಕೊಡುವುದು ಹೇಗೆಂದು ವಿಚಾರಿಸಲು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಒಂದು ಸಮಿತಿ ಮಾಡಿತು. ಕೊಂಡ ಮೇಲೆ ವಸ್ತು ನನ್ನದು, ಅದನ್ನು ಬಿಚ್ಚಲು ಕಂಪನಿಯ ಅಪ್ಪಣೆ ಏಕೆ ಎಂಬುದು ಅದರ ತಿರುಳು. ಬಹಳ ಒಳ್ಳೆಯದು. ಅದೇ 2022ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು? ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯಿದೆಯಾಗಿ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನ ಕಾನೂನೊಂದು ಬಂತು. ಧರ್ಮ ಬದಲಾಯಿಸುವವನು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರು ಅದನ್ನು ಫಲಕದ ಮೇಲೆ ಅಂಟಿಸಿ ತಕರಾರು ಕರೆಯಬೇಕು. ಒಡಹುಟ್ಟಿದವರು, ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು ಸಹ ದೂರು ಕೊಡಬಹುದು. ರೇಡಿಯೋ ಬಿಚ್ಚಲು ಯಾರ ಅಪ್ಪಣೆಯೂ ಬೇಡ, ಸ್ವಂತ ಎದೆಯನ್ನು ಬಿಚ್ಚಿ ನೋಡಲು ಕಚೇರಿಯ ಫಲಕ ಬೇಕು!

ಇನ್ನೊಂದು ಅಂಶ ನೋಡಿ. ಅಪರಾಧ ಅಪ್ರಾಪ್ತ ವಯಸ್ಕರ, ಹೆಂಗಸರ, ಪರಿಶಿಷ್ಟ ಜಾತಿ ಪಂಗಡದವರ ವಿಷಯದಲ್ಲಾದರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೆ. ರಕ್ಷಣೆಗಾಗಿ ಎಂದರು. ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ಮನೆ ನಡೆಸುವ ಹೆಂಗಸು, ಮತ ಹಾಕಿ ಸರಕಾರವನ್ನು ಆರಿಸುವ ಹೆಂಗಸು, ದೇವರನ್ನು ಆರಿಸುವ ಹೊತ್ತಿಗೆ ಎಳೆಗೂಸಿನ ಸಾಲಿಗೆ ಸೇರಿಬಿಟ್ಟಳು. ಇದನ್ನು ರಕ್ಷಣೆ ಎನ್ನಬೇಕೇ, ಅವಮಾನ ಎನ್ನಬೇಕೇ? 2023ರ ಜೂನ್‌ನಲ್ಲಿ, ಆಮೇಲೆ ಬಂದ ಸರಕಾರದ ಸಚಿವ ಸಂಪುಟ ಈ ಕಾಯಿದೆಯನ್ನು ರದ್ದುಗೊಳಿಸುವ ತೀರ್ಮಾನ ಮಾಡಿತು. ಯಾವ ಸರಕಾರವಿದ್ದರೂ, ಹೆಜ್ಜೆ ಇಡುವ ಮುನ್ನ ಆ ದಿನಕ್ಕೆ ಕಾನೂನು ಹೇಗಿದೆ ಎಂದು ನಂಬಿಕೆಯ ವಕೀಲರೊಬ್ಬರನ್ನು ಕೇಳಿಕೊಳ್ಳಿ.

ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರ ಮಾಡಬಹುದು, ಆದರೆ ಇನ್ನೊಬ್ಬನನ್ನು ಮತಾಂತರಗೊಳಿಸುವುದು ಹಕ್ಕಲ್ಲ ಎಂದಿತು. ಸರಿ, ಇನ್ನೊಬ್ಬನನ್ನು ಬದಲಾಯಿಸುವ ಹಕ್ಕು ನನಗೆ ಬೇಡ. ನನ್ನನ್ನು ನಾನು ಬದಲಾಯಿಸಿಕೊಳ್ಳುವ ಹಕ್ಕು ನನ್ನಲ್ಲಿರಲಿ.

ಆ ಹುಡುಗಿ ನನ್ನನ್ನು ಕೇಳಿದ್ದು ಇದೆಲ್ಲಕ್ಕಿಂತ ಕಟುವಾದ ಪ್ರಶ್ನೆ. "ಅಣ್ಣಾ, ನನ್ನ ಸ್ಕಾಲರ್‌ಶಿಪ್ ಹೊಕ್ಕೈತೇನು?" ನೆನಪಿಡಿ, ಬಡವರಿಗೆ ಧರ್ಮದ ಪ್ರಶ್ನೆ ಕೊನೆಗೆ ಹೊಟ್ಟೆಯ ಪ್ರಶ್ನೆಯಾಗಿ ಬರುತ್ತದೆ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಆದ್ದರಿಂದ ಆ ಹುಡುಗಿ ಬೌದ್ಧಳಾದರೂ ಕಾನೂನಿನಂತೆ ಅವಳ ಸ್ಥಾನ ಹೋಗದು. ಆದರೆ ಅದೇ ಕೇರಿಯ ಇನ್ನೊಬ್ಬ ಹುಡುಗಿ ಏಸುವನ್ನೋ ಪೈಗಂಬರರ ಮಾರ್ಗವನ್ನೋ ಆರಿಸಿದರೆ ಅವಳಿಗೆ ಆ ಸ್ಥಾನವನ್ನು ಆ ಆಜ್ಞೆ ಕೊಡುವುದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನೂ ನೇಮಿಸಿದರು. ನಾನು ಕೇಳುವುದಿಷ್ಟೆ: ಬಾವಿಯ ಕಟ್ಟೆಯ ಮೇಲೆ ಅವಳನ್ನು ತಡೆಯುವವನು ಮೊದಲು ಅವಳ ದೇವರ ಹೆಸರು ಕೇಳಿ ತಡೆಯುತ್ತಾನೆಯೇ? ಆರಿಸುವ ಹಕ್ಕು ಕೊಟ್ಟು, ಆರಿಸಿದ್ದಕ್ಕೆ ದಂಡ ಹಾಕಿದರೆ ಅದು ಸಂತೆಯ ಮೋಸವಾಯಿತು.

ಇನ್ನು ಹೊಲಮನೆಯ ಹೆದರಿಕೆ. ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂದು ಅಣ್ಣತಮ್ಮಂದಿರು ಹೆದರಿಸುವುದುಂಟು. ಧರ್ಮ ಬಿಟ್ಟ ಮಾತ್ರಕ್ಕೆ ಪಾಲಿನ ಹಕ್ಕು ಹೋಗದೆಂದು 1850ರಷ್ಟು ಹಿಂದೆಯೇ ಕಾನೂನಾಗಿದೆ. ಆದರೆ ಧರ್ಮ ಬದಲಾದ ಮೇಲೆ ಹುಟ್ಟಿದ ಮಕ್ಕಳ ವಿಷಯದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಬೇರೆ ನಿಯಮವಿದೆ. ಇದನ್ನೂ ಮೊದಲೇ ತಿಳಿದುಕೊಂಡಿರಬೇಕು. ನನ್ನ ಮೊದಲನೆಯ ಸೂತ್ರ ನೆನಪಿದೆಯಲ್ಲ? ಕಳೆಯಬಾರದ್ದನ್ನು ಮೊದಲು ಕಾಯ್ದುಕೋ. ಜಾತಿ ಪ್ರಮಾಣಪತ್ರ, ಶಾಲೆಯ ದಾಖಲೆ, ಹೊಲದ ಉತಾರ ಇವೆಲ್ಲ ಕೈಯಲ್ಲಿರಲಿ. ಎಲ್ಲಕ್ಕಿಂತ ಹೆಚ್ಚಾಗಿ ತಾಯಿತಂದೆಯರ ಪ್ರೀತಿಯನ್ನು ಕಾಯ್ದುಕೊಳ್ಳಬೇಕು. ಅದಕ್ಕೆ ಎರಡನೆಯ ಪ್ರತಿ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಾಗ ಶಾಲೆಯ ಮಾಸ್ತರರು ಮೊಬೈಲ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಧರ್ಮದ ಕಾಲಂನಲ್ಲಿ ಇದನ್ನು ಬರೆಸಿ, ಅದನ್ನು ಬರೆಸಿ ಎಂದು ಎಷ್ಟು ವೇದಿಕೆಗಳಿಂದ ಎಷ್ಟು ಕೂಗು ಕೇಳಿದೆವು! ಎಷ್ಟು ಮನೆಗಳಲ್ಲಿ ಗಂಡ ಹೆಂಡತಿಯನ್ನು, ತಂದೆ ಮಗಳನ್ನು "ನಿನ್ನದೇನು?" ಎಂದು ಕೇಳಿದರು? ಒಂದು ಸಾಲು ಬರೆಸುವಾಗಲೂ ನಾವು ಇನ್ನೊಬ್ಬರ ಬಾಯನ್ನು ನೋಡುತ್ತೇವೆ. ದಲಾಲಿ ಇಲ್ಲದೆ ಮೆಣಸಿನಕಾಯಿ ಮಾರಲಾಗದು ಎಂದು ರೈತ ತಿಳಿದಂತೆ, ದಲಾಲಿ ಇಲ್ಲದೆ ದೇವರೂ ಸಿಕ್ಕುವುದಿಲ್ಲ ಎಂದು ನಾವು ತಿಳಿದಿದ್ದೇವೆ.

ಕೊನೆಗೆ ಒಂದು ಎಚ್ಚರಿಕೆ. ಯಂತ್ರದ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಯಂತ್ರಕ್ಕೆ ನೋವಿಲ್ಲ, ಮನುಷ್ಯನಿಗಿದೆ. ಹಳೆಯ ರ್ಯಾಮನ್ನು ತೆಗೆದಿಟ್ಟರೆ ಅದು ಅಳುವುದಿಲ್ಲ. ದ್ಯಾಮವ್ವನ ಜಾತ್ರೆಗೆ ಮಗಳು ಬರುವುದಿಲ್ಲ ಎಂದಾಗ ಆ ತಾಯಿ ಅತ್ತಳು, ನಾನೇ ಕಂಡಿದ್ದೇನೆ. ಆಕೆಯ ದ್ಯಾಮವ್ವ ಕೆಟ್ಟ ಭಾಗವಲ್ಲ. ಬೆರಳು ಉರಿಯುವ ರಾತ್ರಿಗಳಲ್ಲಿ ಆಕೆ ಕರೆಯುವ ಹೆಸರು ಅದೊಂದೇ. ಮಗಳಿಗೆ ಆರಿಸುವ ಹಕ್ಕಿದ್ದಂತೆ ತಾಯಿಗೂ ಇದೆ, ಮಗಳು ಅದನ್ನು ಹೀಯಾಳಿಸಬಾರದು. ಒಂದೇ ಸೂರಿನ ಕೆಳಗೆ ಇಬ್ಬರು ಎರಡು ಬಗೆಯಲ್ಲಿ ಕೈಮುಗಿಯಬಹುದು. ಒಬ್ಬರು ಮುಗಿಯದೆಯೂ ಇರಬಹುದು. ರೊಟ್ಟಿ ಒಂದೇ ಹಂಚಿನದಾದರೆ ಸಾಕು.

ಆ ಮನೆಯಲ್ಲಿ ಮುಂದೇನಾಯಿತು ಎಂದು ಕೇಳುವಿರಿ. ಹುಡುಗಿ ಇನ್ನೂ ಎಲ್ಲಿಗೂ ಸೇರಿಲ್ಲ. ಅಂಬೇಡ್ಕರರೇ 21 ವರ್ಷ ನೋಡಿದರು, ನಾನು ಒಂದು ವರ್ಷವಾದರೂ ನೋಡುತ್ತೇನೆ ಎಂದಿದ್ದಾಳೆ. ಲಿನಕ್ಸನ್ನು ಪೆನ್‌ಡ್ರೈವಿನಿಂದ ಎಂಟು ದಿನ ನಡೆಸಿ ನೋಡಿ, ತಾನೇ ಯಂತ್ರಕ್ಕೆ ಹಾಕಿಕೊಂಡಳು. ಈಗ ಕೇರಿಯ ಬೇರೆ ಮಕ್ಕಳ ಕಂಪ್ಯೂಟರಿನ ಮುಚ್ಚಳವನ್ನೂ ಅವಳೇ ತೆಗೆಯುತ್ತಾಳೆ, ರಬ್ಬರಿನಿಂದ ತಿಕ್ಕುತ್ತಾಳೆ. ಊರ ದೊಡ್ಡವರು ಮತ್ತೊಮ್ಮೆ ಬಂದು, ಹುಡುಗಿಯ ತಲೆ ಕೆಡಿಸಿದವರಾರು ಎಂದು ಕೇಳಿದಾಗ, ಮೂವತ್ತು ವರ್ಷ ಗಿರಣಿಯಲ್ಲಿ ತಲೆ ತಗ್ಗಿಸಿ ದುಡಿದ ಕಾಕಾ ಎದ್ದು ನಿಂತು ಅಂದರಂತೆ, "ಆಕೀ ತಲಿ ಕೆಟ್ಟಿಲ್ಲರೀ ಗೌಡ್ರ. ತೆಗದು ನೋಡಾಕತ್ತಾಳ. ನೋಡಲಿ ಬಿಡ್ರಿ."

ಬಂಧುಗಳೆ, ನಿಮ್ಮ ಮನೆಯಲ್ಲಿ ನಿಮ್ಮ ಮಗಳೋ ಮಗನೋ ಇಂಥ ಪ್ರಶ್ನೆ ಕೇಳಿದ ದಿನ ಕಾಕಾನ ಈ ಮಾತು ನಿಮ್ಮ ಬಾಯಲ್ಲೂ ಬರಲಿ. ನನ್ನ ಮಾತು ಮುಗಿಯಿತು. ಕೆಟ್ಟ ಕಂಪ್ಯೂಟರ್ ಯಾರಾದರೂ ತಂದಿದ್ದರೆ ಆ ಬೇವಿನ ಮರದ ಕೆಳಗೆ ತನ್ನಿ. ಮುಚ್ಚಳವನ್ನು ನಾನು ತೆಗೆಯುವುದಿಲ್ಲ, ನೀವೇ ತೆಗೆಯಬೇಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ.